ವಿಸಿಗಳ (ಸ್ಟಾರ್ಟಪ್‌ಗೆ ದುಡ್ಡು ಹೂಡುವ ವೆಂಚರ್ ಕ್ಯಾಪಿಟಲ್ ಫಂಡ್‌ಗಳ) ಹತ್ತಿರ ದುಡ್ಡಿದೆಯಂತೆ, ಮತ್ತೆ ಚೆಕ್ ಯಾಕೆ ಬರುತ್ತಿಲ್ಲ?

ಹನ್ನೊಂದು_ತಿಂಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಹದಿನಾಲ್ಕು ಜನರ ಸಾಫ್ಟ್‌ವೇರ್ ಕಂಪನಿ. ಕಳಿಸಿದ ಇನ್‌ವಾಯ್ಸ್‌ಗೂ ಬ್ಯಾಂಕಿಗೆ ಬಂದ ದುಡ್ಡಿಗೂ ತಾಳೆ ನೋಡಿ ಎಲ್ಲಿ ವ್ಯತ್ಯಾಸ ಇದೆ ಅಂತ ತೋರಿಸುವ ಸಾಫ್ಟ್‌ವೇರ್ ಮಾರುತ್ತೇವೆ. ಸೀಡ್ ರೌಂಡ್ (ಹೂಡಿಕೆದಾರರಿಂದ ಮೊದಲ ಸಲ ದುಡ್ಡು ಎತ್ತುವುದು) ಮಾಡಿದಾಗ ಮಾರುಕಟ್ಟೆ ಉಬ್ಬಿತ್ತು. ನಿಜ ಹೇಳಬೇಕೆಂದರೆ ಆಗ ನಮ್ಮ ಹತ್ತಿರ ಇದ್ದದ್ದು ಒಂದು ಡೆಮೊ, ಹನ್ನೆರಡು ಸ್ಲೈಡು. ಮೂರೇ ವಾರದಲ್ಲಿ 4 ಮಿಲಿಯನ್ ಡಾಲರ್ ಬಂತು, ಅದೂ 20 ಮಿಲಿಯನ್ ವ್ಯಾಲ್ಯುಯೇಶನ್‌ಗೆ (ಕಂಪನಿಗೆ ಕಟ್ಟಿದ ಬೆಲೆ). ಈಗ ತಿಂಗಳಾ ತಿಂಗಳಾ ದುಡ್ಡು ಕಟ್ಟುವ ಗ್ರಾಹಕರಿದ್ದಾರೆ, ವರ್ಷಕ್ಕೆ ಶೇ 80ರಷ್ಟು ಬೆಳೆಯುತ್ತಿದ್ದೇವೆ, ಆದರೆ ಸೀರೀಸ್ ಎ, ಅಂದರೆ ಸೀಡ್ ಆದ ಮೇಲಿನ ರೌಂಡ್, ಮಾತ್ರ ಆಗುತ್ತಿಲ್ಲ. ಬರೀ ಡೆಮೊ ಇದ್ದಾಗ ಸಿಕ್ಕ ದುಡ್ಡು ಗ್ರಾಹಕರು ಬಂದ ಮೇಲೆ ಸಿಗುತ್ತಿಲ್ಲ. ಇದ್ಯಾವ ನ್ಯಾಯ?

ಐದು ತಿಂಗಳಲ್ಲಿ 26 ಫಂಡ್‌ಗಳ ಜೊತೆ ಮಾತಾಡಿದ್ದೇನೆ. ತಲೆ ಕೆಡಿಸಿರುವ ವಿಷಯ ಏನೆಂದರೆ ಯಾರೂ ಇಲ್ಲ ಅನ್ನುತ್ತಿಲ್ಲ. ಒಂದು ಫಂಡ್‌ನಲ್ಲಿ ಒಬ್ಬ ಅಸೋಸಿಯೇಟ್ (ಕಿರಿಯ ಉದ್ಯೋಗಿ) ಇದ್ದಾರೆ, ಪ್ರತಿ ತಿಂಗಳು ಮೇಲ್ ಹಾಕುತ್ತಾರೆ. ಮೊದಲ ಸಲ ತಿಂಗಳ ಆದಾಯ ಕೇಳಿದರು. ಆಮೇಲೆ ಎಷ್ಟು ಗ್ರಾಹಕರು ಬಿಟ್ಟುಹೋಗುತ್ತಿದ್ದಾರೆ ಅಂದರು. ಮೂರನೇ ಸಲ ಅದನ್ನೇ ಯಾವ ತಿಂಗಳು ಸೇರಿದವರು ಯಾವಾಗ ಹೋದರು ಅಂತ ಬಿಡಿಸಿ ಕೊಡಿ ಅಂದರು, ಅದಕ್ಕೆ ನಾನು ಎರಡು ರಾತ್ರಿ ಕೂತೆ. ನಾಲ್ಕನೇ ಸಲ ಮೊದಲನೇ ಶೀಟನ್ನೇ ಮತ್ತೆ ಕಳಿಸಿ ಅಂದರು, ಎಲ್ಲೋ ಕಳೆದುಹೋಗಿದೆಯಂತೆ.

ಆದರೆ ಸುದ್ದಿಯಲ್ಲಿ ನೋಡಿದರೆ ವಿಸಿಗಳ ಹತ್ತಿರ ಡ್ರೈ ಪೌಡರ್ (ಇನ್ನೂ ಹೂಡದೆ ಉಳಿದ ದುಡ್ಡು) ಬೇಕಾದಷ್ಟು ಬಿದ್ದಿದೆ ಅಂತಲೇ ಬರೆಯುತ್ತಾರೆ. ಇದ್ದರೆ ಕೊಡುವುದಕ್ಕೇನು ಕಷ್ಟ?

ಒಂದೇ ಒಂದು ಆಫರ್ ಬಂದಿದೆ. 5 ಮಿಲಿಯನ್ ಕೊಡುತ್ತಾರೆ, ಅವರ ದುಡ್ಡೂ ಸೇರಿ ಕಂಪನಿಯ ಬೆಲೆ 25 ಮಿಲಿಯನ್. ಆದರೆ 2 ಎಕ್ಸ್ ಪಾರ್ಟಿಸಿಪೇಟಿಂಗ್ ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತೆ, ಅಂದರೆ ಕಂಪನಿ ಮಾರಿದಾಗ ಹಾಕಿದ್ದರ ಎರಡು ಪಟ್ಟು ಮೊದಲು ಅವರಿಗೆ, ಉಳಿದದ್ದರಲ್ಲೂ ಪಾಲು. ಅದು ಬೇಡ, ಮಾಮೂಲಿ 1 ಎಕ್ಸ್ ಸಾಕು ಅಂದರೆ ಬೆಲೆ 15ಕ್ಕೆ ಇಳಿಸುತ್ತಾರಂತೆ. ನನ್ನ ಪಾರ್ಟ್‌ನರ್ 25ನ್ನೇ ತಗೋ, ಸೀಡ್‌ಗಿಂತ ಕಡಿಮೆ ಬೆಲೆಗೆ ಇಳಿದರೆ ಮಾನ ಹೋಗುತ್ತದೆ ಅನ್ನುತ್ತಾನೆ. ಬ್ಯಾಂಕಿನಲ್ಲಿ ಇನ್ನು ಹನ್ನೊಂದು ತಿಂಗಳಿಗೆ ಆಗುವಷ್ಟಿದೆ. ಅನುಭವ ಇದ್ದವರು ಹೇಳಿ.

ಎಕ್ಸೆಲ್_ಕೂಲಿ

ನಾನು ಫಂಡ್ ಕಡೆಯವನು. ಎಂಟು ವರ್ಷದಿಂದ ಇದೇ ಕೆಲಸ. ನಿಮಗೆ ತಿಂಗಳಾ ತಿಂಗಳಾ ಮೇಲ್ ಹಾಕುವ ಆ ಅಸೋಸಿಯೇಟ್ ಇದ್ದಾರಲ್ಲ, ನಾನೂ ಅದೇ ಬಳಗ. ಶೀಟ್ ಕಳೆದುಹಾಕಿದ್ದೂ ಉಂಟು, ಕ್ಷಮಿಸಿ.

ಮೊದಲು ಡ್ರೈ ಪೌಡರ್ ವಿಷಯ. ಆ ದುಡ್ಡು ಫಂಡ್‌ನ ಖಾತೆಯಲ್ಲಿ ಇರುವುದಿಲ್ಲ. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು, ವಿಮಾ ಕಂಪನಿಗಳು, ದೊಡ್ಡ ಶ್ರೀಮಂತ ಮನೆತನಗಳು, ಇವರನ್ನೆಲ್ಲ ನಾವು ಎಲ್‌ಪಿ ಅನ್ನುತ್ತೇವೆ. ಇವರು "ಕೇಳಿದಾಗ ಇಷ್ಟು ಕೊಡುತ್ತೇವೆ" ಅಂತ ಸಹಿ ಹಾಕಿರುತ್ತಾರೆ, ಅಷ್ಟೇ. ನಮಗೆ ಒಂದು ಕಂಪನಿ ಇಷ್ಟವಾದಾಗ ಅವರಿಗೆ ಕ್ಯಾಪಿಟಲ್ ಕಾಲ್ ಅಂತ ಪತ್ರ ಹೋಗುತ್ತದೆ, ಒಂದೆರಡು ವಾರದಲ್ಲಿ ದುಡ್ಡು ಬರುತ್ತದೆ. ಕಾಗದದ ಪ್ರಕಾರ ಅವರು ಕೊಡಲೇಬೇಕು. ಆದರೆ ಅವರ ಕೈ ಕಟ್ಟಿರುವಾಗ ಮೇಲಿಂದ ಮೇಲೆ ಪತ್ರ ಕಳಿಸಿದರೆ ನಮ್ಮ ಮುಂದಿನ ಫಂಡ್‌ಗೆ ಅವರು ಬರುವುದಿಲ್ಲ. ಹಾಗಾಗಿ ನಾವೇ ಕೈ ಬಿಗಿ ಹಿಡಿಯುತ್ತೇವೆ.

ಅವರ ಕೈ ಯಾಕೆ ಕಟ್ಟಿರುತ್ತದೆ ಅಂದರೆ, ಒಂದು ಪಿಂಚಣಿ ನಿಧಿ ಇದೆ ಅಂತ ಇಟ್ಟುಕೊಳ್ಳಿ. ಒಟ್ಟು 100 ರೂಪಾಯಿ. ಅದರಲ್ಲಿ 10 ಮಾತ್ರ ವಿಸಿ ಥರದ ಕಡೆ ಹಾಕಬೇಕು ಅಂತ ಅವರದೇ ನಿಯಮ. ಉಳಿದ 90 ಷೇರು, ಬಾಂಡ್ ಇತ್ಯಾದಿ. ಮಾರುಕಟ್ಟೆ ಬಿದ್ದು ಆ 90 ರಲ್ಲಿ ಶೇ 30 ಹೋಯಿತು, 63 ಉಳಿಯಿತು. ವಿಸಿ ಕಡೆ ಇರುವ 10ರ ಬೆಲೆ ಮಾತ್ರ ಕಾಗದದಲ್ಲಿ ಹಾಗೇ ಇರುತ್ತದೆ, ಯಾಕೆಂದರೆ ಅವು ದಿನಾ ಬೆಲೆ ಬದಲಾಗುವ ಷೇರುಗಳಲ್ಲ, ಮುಂದಿನ ರೌಂಡ್ ಆಗುವ ತನಕ ಹಳೇ ಬೆಲೆಯೇ ಓಡುತ್ತಿರುತ್ತದೆ. ಈಗ ಒಟ್ಟು 73, ಅದರಲ್ಲಿ 10 ಅಂದರೆ ಸುಮಾರು ಶೇ 14. ಒಂದು ಪೈಸೆ ಹೊಸದಾಗಿ ಹಾಕದೆಯೂ ಅವರು ಮಿತಿ ದಾಟಿ ಕೂತಿದ್ದಾರೆ. ಇನ್ನು ಹೊಸ ಫಂಡ್‌ಗೆ ಎಲ್ಲಿಂದ ಕೊಡುತ್ತಾರೆ?

ಇದು ಒಂದು ಕಡೆ. ಇನ್ನೊಂದು ಕಡೆ, ನಮ್ಮ ಫಂಡ್‌ನ ಒಳಗೇ ಏನಾಗುತ್ತದೆ ಅನ್ನುವುದು ಹೊರಗಿನವರಿಗೆ ಕಾಣುವುದಿಲ್ಲ. ಫಂಡ್‌ನ ಒಂದು ದೊಡ್ಡ ಪಾಲನ್ನು ಹೊಸ ಕಂಪನಿಗಳಿಗೆ ಅಂತ ಇಡುವುದಿಲ್ಲ, ಈಗಾಗಲೇ ಹೂಡಿದ ಕಂಪನಿಗಳ ಮುಂದಿನ ರೌಂಡ್‌ಗೆ ಅಂತ ರಿಸರ್ವ್ ಇಡುತ್ತೇವೆ. ಒಳ್ಳೆ ಕಾಲದಲ್ಲಿ ಆ ರಿಸರ್ವ್ ಜಾಸ್ತಿ ಖರ್ಚಾಗುವುದಿಲ್ಲ, ಮುಂದಿನ ರೌಂಡ್‌ಗೆ ಹೊರಗಿನವರು ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಕೆಟ್ಟ ಕಾಲದಲ್ಲಿ ಹೊರಗಿನವರು ಬರುವುದಿಲ್ಲ. ಆಗ ನಮ್ಮ ಮಕ್ಕಳನ್ನು ನಾವೇ ಸಾಕಬೇಕು. ಸೋಮವಾರದ ಮೀಟಿಂಗ್‌ನಲ್ಲಿ ಮೊದಲು ಹೊಸ ಕಂಪನಿಗಳ ಪಟ್ಟಿ ಬರುತ್ತಿತ್ತು. ಈಗ ಯಾವ ಹಳೇ ಕಂಪನಿಗೆ ಎಷ್ಟು ತಿಂಗಳು ಉಳಿದಿದೆ ಅನ್ನುವ ಪಟ್ಟಿ ಬರುತ್ತದೆ, ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ನಿಮ್ಮ ಹೆಸರು ಪಟ್ಟಿಯ ಕೊನೆಯಲ್ಲಿ ಇರುತ್ತದೆ, "ಮುಂದಿನ ವಾರ" ಅಂತ ಬರೆದು ಎಲ್ಲರೂ ಏಳುತ್ತಾರೆ.

ಜೊತೆಗೆ ನಮಗೆ ಅವಸರವೇ ಇಲ್ಲ. ಒಂದು ಫಂಡ್‌ನ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ, ಹೊಸ ಕಂಪನಿಗಳಿಗೆ ಹಾಕುವುದು ಮೊದಲ ನಾಲ್ಕೈದು ವರ್ಷ. ಅಬ್ಬರದ ಕಾಲದಲ್ಲಿ ಅದನ್ನು ಎರಡೇ ವರ್ಷದಲ್ಲಿ ಖಾಲಿ ಮಾಡಿದವರಿದ್ದಾರೆ. ಅವರೇ ಈಗ ನಿಧಾನವಾಗಿ ನಾಲ್ಕು ವರ್ಷ ತೆಗೆದುಕೊಂಡರೆ ವರ್ಷಕ್ಕೆ ಹೊರಗೆ ಬರುವ ದುಡ್ಡು ಅರ್ಧಕ್ಕೆ ಇಳಿಯಿತು ಅಲ್ವಾ? ಯಾರೂ ನಷ್ಟ ಮಾಡಿಕೊಳ್ಳದೆ, ಯಾರ ದುಡ್ಡೂ ಕಡಿಮೆಯಾಗದೆ. ಕೆಲವರು ದುಡ್ಡೇ ಬೇಡ ಅಂದಿದ್ದೂ ಇದೆ. ಡಾಟ್‌ಕಾಮ್ (ಇಂಟರ್ನೆಟ್ ಕಂಪನಿಗಳ) ಅಬ್ಬರ ಬಿದ್ದ ಮೇಲೆ 2002ರಲ್ಲಿ ಚಾರ್ಲ್ಸ್ ರಿವರ್ ವೆಂಚರ್ಸ್ ತನ್ನ 1.2 ಬಿಲಿಯನ್ ಡಾಲರ್ ಫಂಡನ್ನು 450 ಮಿಲಿಯನ್‌ಗೆ ಕತ್ತರಿಸಿತು. 2023ರಲ್ಲಿ ಫೌಂಡರ್ಸ್ ಫಂಡ್ ಕೂಡ ತನ್ನ ಹೊಸ ಫಂಡನ್ನು 1.8 ಬಿಲಿಯನ್‌ನಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು.

ಇಲ್ಲ ಅಂತ ಯಾಕೆ ಹೇಳುವುದಿಲ್ಲ? ಹೇಳಿದರೆ ನಮಗೆ ನಷ್ಟ, ಹೇಳದಿದ್ದರೆ ಖರ್ಚಿಲ್ಲ. ನಾಳೆ ನೀವು ಗೆದ್ದರೆ ನಾವು ಮೊದಲಿನಿಂದ ಜೊತೆಗಿದ್ದೆವಲ್ಲ ಅನ್ನಬಹುದು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಇದನ್ನು ಕತ್ತರಿಸಲು ಒಂದೇ ಪ್ರಶ್ನೆ ಸಾಕು: "ನೀವು ಈ ಮೊದಲು ಹೂಡಿರದ ಕಂಪನಿಗೆ, ನೀವೇ ಲೀಡ್ (ರೌಂಡ್‌ನ ಮುಖ್ಯ ಹೂಡಿಕೆದಾರ) ಆಗಿ, ಕೊನೆಯ ಚೆಕ್ ಬರೆದದ್ದು ಯಾವಾಗ?" ಉತ್ತರ ಕೊಡಲು ತಡವರಿಸಿದರೆ ಆ ಫಂಡ್ ಬಾಗಿಲು ತೆರೆದಿಟ್ಟು ದೀಪ ಆರಿಸಿದೆ ಅಂತ ಅರ್ಥ.

ಎರಡು_ಸಲ_ಬಿದ್ದವನು

ಕೂಲಿಯವರು ಹೇಳಿದ್ದೆಲ್ಲ ಸರಿ. ಒಂದು ವಿಷಯ ಮಾತ್ರ ಸೇರಿಸಬೇಕು. ಎಲ್ಲರೂ ಆರ್ಥಿಕ ಹಿಂಜರಿತ ಬಂದರೆ ವಿಸಿ ದುಡ್ಡು ನಿಲ್ಲುತ್ತದೆ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಆದರೆ ಲೆಕ್ಕ ಹಾಗೆ ಕೂರುವುದಿಲ್ಲ.

2020 ನೋಡಿ. ಏಪ್ರಿಲ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇ 14.7 ಮುಟ್ಟಿತ್ತು. ಅದಕ್ಕಿಂತ ದೊಡ್ಡ ಹಿಂಜರಿತ ಬೇಕಾ? ದೊಡ್ಡ ವಿಸಿ ಸಿಕೋಯಾ ಮಾರ್ಚ್‌ನಲ್ಲೇ ತನ್ನ ಕಂಪನಿಗಳಿಗೆಲ್ಲ ಪತ್ರ ಬರೆದು ಬಿಗಿ ಮಾಡಿಕೊಳ್ಳಿ ಅಂದಿತ್ತು. ಮೊದಲ ಒಂದೆರಡು ತಿಂಗಳು ದುಡ್ಡು ನಿಂತದ್ದೂ ನಿಜ. ಆಮೇಲೆ? ಬಡ್ಡಿ ಸೊನ್ನೆಗೆ ಇಳಿಯಿತು, ಷೇರು ಮಾರುಕಟ್ಟೆ ಹಾರಿತು, 2021ರಲ್ಲಿ ಜಗತ್ತಿನಾದ್ಯಂತ 600 ಬಿಲಿಯನ್ ಡಾಲರ್‌ಗೂ ಜಾಸ್ತಿ ವಿಸಿ ಹಣ ಹರಿಯಿತು, ಅಲ್ಲಿಯವರೆಗಿನ ದಾಖಲೆ.

2022ಕ್ಕೆ ಬನ್ನಿ. ಅಮೆರಿಕದಲ್ಲಿ ಹಿಂಜರಿತ ಅಂತ ಅಧಿಕೃತವಾಗಿ ಯಾರೂ ಘೋಷಿಸಲಿಲ್ಲ, ಜನಕ್ಕೆ ಕೆಲಸ ಸಿಗುತ್ತಿತ್ತು. ಆದರೂ ವಿಸಿ ಮಾರುಕಟ್ಟೆ ಮಕಾಡೆ ಮಲಗಿತು, 2023ರ ಹೊತ್ತಿಗೆ ಆ ದಾಖಲೆಯ ಅರ್ಧದ ಆಸುಪಾಸಿಗೆ ಬಂತು. ಕಾರಣ ಬಡ್ಡಿ. ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್) 2022ರ ಮಾರ್ಚ್‌ನಲ್ಲಿ ಏರಿಸಲು ಶುರು ಮಾಡಿದ್ದು 2023ರ ಜುಲೈಗೆ ಶೇ 5.25ರಿಂದ 5.5ಕ್ಕೆ ಬಂದು ನಿಂತಿತು. ಹತ್ತು ವರ್ಷ ಆದ ಮೇಲೆ ಬರುವ 100 ರೂಪಾಯಿಯ ಇವತ್ತಿನ ಬೆಲೆ, ಬಡ್ಡಿ ಶೇ 1 ಇದ್ದರೆ ಸುಮಾರು 90. ಶೇ 5 ಆದರೆ 61. ಸ್ಟಾರ್ಟಪ್ ಅಂದರೆ ಹತ್ತು ವರ್ಷ ಆದ ಮೇಲೆ ಬರುವ ದುಡ್ಡು, ಬೇರೇನಲ್ಲ. ನೀವು ಏನೂ ತಪ್ಪು ಮಾಡದೆಯೇ ನಿಮ್ಮ ಬೆಲೆಯ ಮೂರನೇ ಒಂದು ಭಾಗ ಹೋಯಿತು. ಅಪಾಯದ ಲೆಕ್ಕ ಇನ್ನೂ ಹಾಕಿಲ್ಲ. ಮತ್ತೆ, ಸುಮ್ನೆ ಸರ್ಕಾರಿ ಬಾಂಡ್ ಕೊಂಡು ಕಾಲು ಚಾಚಿ ಕೂತರೆ ಶೇ 5 ಬರುವ ಕಾಲದಲ್ಲಿ ನಿಮ್ಮ ಇನ್‌ವಾಯ್ಸ್ ಸಾಫ್ಟ್‌ವೇರ್‌ಗೆ ಯಾಕೆ ಹಾಕಬೇಕು?

ಜೊತೆಗೆ ಹೂಡಿದವರು ದುಡ್ಡು ತಗೊಂಡು ಹೊರಗೆ ಹೋಗುವ ಬಾಗಿಲು. ಅಮೆರಿಕದಲ್ಲಿ 2021ರಲ್ಲಿ ಸಾವಿರಕ್ಕೂ ಜಾಸ್ತಿ ಐಪಿಒ (ಕಂಪನಿ ಮೊದಲ ಸಲ ಷೇರು ಮಾರುಕಟ್ಟೆಗೆ ಬರುವುದು) ಆದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಸ್ಪ್ಯಾಕ್‌ಗಳು (ಬೇರೆ ಕಂಪನಿ ಕೊಳ್ಳಲೆಂದೇ ದುಡ್ಡು ಎತ್ತುವ ಖಾಲಿ ಕಂಪನಿಗಳು) ಅನ್ನಿ. ಮರು ವರ್ಷ ಇನ್ನೂರೂ ಇಲ್ಲ. ಐಪಿಒ ಇಲ್ಲದಿದ್ದರೆ ಎಲ್‌ಪಿಗಳಿಗೆ ದುಡ್ಡು ವಾಪಸ್ ಹೋಗುವುದಿಲ್ಲ, ವಾಪಸ್ ಹೋಗದಿದ್ದರೆ ಅವರು ಮತ್ತೆ ಹಾಕುವುದಿಲ್ಲ. ನೀರು ಮುಂದೆ ಹೋಗದೆ ಕಾಲುವೆಗೆ ಹೊಸ ನೀರು ಬರುವುದೆಲ್ಲಿಂದ? ಅದಕ್ಕೇ ಐಪಿಒಗೆ ಹತ್ತಿರ ಇರುವ ದೊಡ್ಡ ಕಂಪನಿಗಳು ಮೊದಲು ಏಟು ತಿನ್ನುತ್ತವೆ. ಏಟು ಅಲ್ಲಿಂದ ಕೆಳಗೆ ಇಳಿದು ಸೀಡ್‌ಗೆ ಕೊನೆಗೆ ತಲುಪುತ್ತದೆ. 2020ರಲ್ಲಿ ಮಾತ್ರ ಉಲ್ಟಾ ಆಯಿತು, ಯಾರನ್ನೂ ಎದುರಿಗೆ ನೋಡಲು ಆಗದ ಕಾಲ, ಹೊಸಬರ ಮೇಲೆ ನಂಬಿಕೆ ಬರುವುದೇ ಕಷ್ಟವಾಗಿ ಚಿಕ್ಕ ರೌಂಡ್‌ಗಳೇ ಮೊದಲು ಬಿದ್ದವು.

ಆದ್ದರಿಂದ ಜಿಡಿಪಿ ಸುದ್ದಿ ಓದುತ್ತಾ ಕೂರಬೇಡಿ. ಬಡ್ಡಿ ಎತ್ತ ಹೋಗುತ್ತಿದೆ, ನಿಮ್ಮ ಥರದ ಸಾಫ್ಟ್‌ವೇರ್ ಕಂಪನಿಗಳು ಐಪಿಒ ಆಗುತ್ತಿವೆಯಾ, ಇವೆರಡು ನೋಡಿ.

ನನ್ನ ಕಥೆ ಹೇಳಿಬಿಡುತ್ತೇನೆ. 2008ರ ಸೆಪ್ಟೆಂಬರ್. ಟರ್ಮ್ ಶೀಟ್‌ಗೆ (ಹೂಡಿಕೆಯ ಷರತ್ತು ಬರೆದ ಕಾಗದಕ್ಕೆ) ಸಹಿ ಆಗಿತ್ತು, ವಕೀಲರು ಕಾಗದ ತಯಾರು ಮಾಡುತ್ತಿದ್ದರು. 15ನೇ ತಾರೀಕು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತು. ಎಂಟು ದಿನ ಬಿಟ್ಟು ಫಂಡ್‌ನವರು ಫೋನ್ ಮಾಡಿ, ಸ್ವಲ್ಪ ಉಸಿರು ತಗೊಳ್ಳೋಣ ಅಂದರು. ಆ ಉಸಿರು ಮತ್ತೆ ಬರಲೇ ಇಲ್ಲ. ಟರ್ಮ್ ಶೀಟ್ ಅಂದರೆ ಬಹುಪಾಲು ಕಟ್ಟುಪಾಡಿಲ್ಲದ ಕಾಗದ ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಆ ನಂಬಿಕೆ ಮೇಲೆ ಆರು ಜನರನ್ನು ಕೆಲಸಕ್ಕೆ ತಗೊಂಡಿದ್ದೆ, ಆ ಪಾಪ ನನ್ನದೇ.

ಎರಡನೇ ಕಂಪನಿ, 2022. ಈ ಸಲ ಬುದ್ಧಿ ಬಂದಿದೆ ಅಂದುಕೊಂಡಿದ್ದೆ. ಜೂನ್‌ನಲ್ಲಿ ಮೂರು ಜನರನ್ನು ತೆಗೆದೆ. ಅಕ್ಟೋಬರ್‌ನಲ್ಲಿ ಮತ್ತೆ ನಾಲ್ಕು. ಫೆಬ್ರವರಿಯಲ್ಲಿ ಐದು. ಪ್ರತಿ ಸಲವೂ ಇದೇ ಕೊನೆ ಅಂತ ಎದ್ದು ನಿಂತು ಹೇಳಿದೆ. ಮೂರನೇ ಸಲ ಹೇಳುವಾಗ ಕೋಣೆಯಲ್ಲಿ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಿದ್ದರು, ಒಬ್ಬಳ ಸ್ಕ್ರೀನ್ ಮೇಲೆ ರೆಸ್ಯುಮೆ ತೆರೆದಿತ್ತು. ಅವಳನ್ನು ನಾನು ತೆಗೆದೇ ಇರಲಿಲ್ಲ. ಕತ್ತರಿಸುವುದಿದ್ದರೆ ಒಂದೇ ಸಲ, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ.

ಹನ್ನೊಂದು ತಿಂಗಳು ಅಂತೀರಿ. ಕೆಟ್ಟ ಮಾರುಕಟ್ಟೆಯಲ್ಲಿ ರೌಂಡ್ ಮುಗಿಸಲು ಆರರಿಂದ ಒಂಬತ್ತು ತಿಂಗಳು ಇಟ್ಟುಕೊಳ್ಳಿ. ಮೂರೇ ತಿಂಗಳ ದುಡ್ಡು ಉಳಿದಿದೆ ಅಂತ ಎದುರಿನವರಿಗೆ ಗೊತ್ತಾದರೆ ಅವರು ಹೇಳಿದ್ದೇ ರೇಟು. ಅಂದರೆ ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಎರಡು ತಿಂಗಳು, ಖರ್ಚು ಎಲ್ಲಿ ಕಡಿಮೆ ಮಾಡಬೇಕು ಅಂತ ತೀರ್ಮಾನಿಸಲು.

ಬಿಸಿಲು_ಮಳೆ

ಯಾಕ್ರೀ ಎಲ್ಲರೂ ಹೀಗೆ ಹೆದರಿಸುತ್ತೀರಿ. ಏರ್‌ಬಿಎನ್‌ಬಿ 2008, ಉಬರ್ 2009, ವಾಟ್ಸ್‌ಆಪ್ 2009. ಒಳ್ಳೆ ಕಂಪನಿಗಳು ಕೆಟ್ಟ ಕಾಲದಲ್ಲೇ ಹುಟ್ಟುವುದು. ಪೈಪೋಟಿ ಕಡಿಮೆ, ಒಳ್ಳೆ ಇಂಜಿನಿಯರ್‌ಗಳು ಸುಲಭಕ್ಕೆ ಸಿಗುತ್ತಾರೆ. ಮುನ್ನುಗ್ಗಿ.

ಎರಡು_ಸಲ_ಬಿದ್ದವನು

@ಬಿಸಿಲು_ಮಳೆ ಈ ಮೂರು ಹೆಸರು ಪ್ರತಿ ಹಿಂಜರಿತದಲ್ಲೂ ಬರುತ್ತವೆ. ಅದೇ ವರ್ಷ ಹುಟ್ಟಿ ಸತ್ತವುಗಳ ಪಟ್ಟಿ ಯಾರೂ ಹಾಕುವುದಿಲ್ಲ, ನನ್ನದೂ ಅದರಲ್ಲಿದೆ. ಹಾರ್ವರ್ಡ್‌ನ ಸಂಶೋಧಕರು 2013ರಲ್ಲಿ ಇದನ್ನೇ ಕೆದಕಿದ್ದರು. ಬಿಸಿ ಮಾರುಕಟ್ಟೆಯಲ್ಲಿ ಮೊದಲ ದುಡ್ಡು ಪಡೆದ ಸ್ಟಾರ್ಟಪ್‌ಗಳು ಮುಳುಗುವುದು ಜಾಸ್ತಿ, ಅದು ನಿಮ್ಮ ಮಾತಿಗೆ ಬೆಂಬಲವೇ. ಆದರೆ ಅವುಗಳಲ್ಲಿ ಐಪಿಒ ತನಕ ಬಂದವು ಇನ್ನೂ ದೊಡ್ಡ ಬೆಲೆಗೆ ಬಂದವು, ಪೇಟೆಂಟ್‌ಗಳೂ ಜಾಸ್ತಿ. ಅಂದರೆ ಬಿಸಿ ಕಾಲದಲ್ಲಿ ಹುಚ್ಚು ಐಡಿಯಾಗಳಿಗೂ ದುಡ್ಡು ಸಿಗುತ್ತದೆ, ಹೆಚ್ಚಿನವು ಬೀಳುತ್ತವೆ, ನಿಂತವು ಬೆಟ್ಟ ಆಗುತ್ತವೆ. ತಣ್ಣನೆ ಕಾಲದಲ್ಲಿ ಆ ಹುಚ್ಚು ಐಡಿಯಾಗಳು ಶುರುವೇ ಆಗುವುದಿಲ್ಲ. ಕೆಟ್ಟ ಕಾಲ ಒಳ್ಳೆಯದು ಅನ್ನುವವರಿಗೆ ಈ ಎರಡನೇ ಅರ್ಧ ಮರೆತುಹೋಗುತ್ತದೆ.

ಇನ್ನು ಅದೃಷ್ಟ. ಅಮೆಜಾನ್ 2000ರ ಫೆಬ್ರವರಿಯಲ್ಲಿ ಯುರೋಪಿನಲ್ಲಿ ಬಾಂಡ್ ಮಾರಿ 690 ಮಿಲಿಯನ್ ಯೂರೋ ಎತ್ತಿತು. ನಾಸ್ಡಾಕ್ (ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ಷೇರು ಸೂಚ್ಯಂಕ) ತುದಿ ಮುಟ್ಟಿದ್ದು ಮಾರ್ಚ್ 10ಕ್ಕೆ, ಆಮೇಲೆ ಎರಡೂವರೆ ವರ್ಷದಲ್ಲಿ ಶೇ 78 ಬಿತ್ತು. ಗಾಳಿ ಬಂದಾಗ ತೂರಿಕೋ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆದರೆ ಅದೇ ಫೆಬ್ರವರಿಯಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುವ ಪೆಟ್ಸ್ ಡಾಟ್ ಕಾಮ್ ಕೂಡ ಐಪಿಒ ಮಾಡಿ ದುಡ್ಡು ಎತ್ತಿತ್ತು, ಅದಕ್ಕೆ ಅಮೆಜಾನೇ ಹೂಡಿಕೆದಾರ. ನವೆಂಬರ್‌ಗೆ ಅಂಗಡಿ ಮುಚ್ಚಿತು. ಮಾರಿದಷ್ಟೂ ನಷ್ಟ ಆಗುವ ವ್ಯಾಪಾರಕ್ಕೆ ಸರಿಯಾದ ಹೊತ್ತಿಗೆ ಸಿಕ್ಕ ದುಡ್ಡೂ ಸಾಲುವುದಿಲ್ಲ.

ಕ್ಯಾಪ್‌ಟೇಬಲ್_ಹುಚ್ಚಿ

ಎಲ್ಲರೂ ಇತಿಹಾಸ ಹೇಳುತ್ತಿದ್ದೀರಿ, ಪಾಪ ಅವರ ಕೈಯಲ್ಲಿರುವ ಆಫರ್ ಬಗ್ಗೆ ಯಾರೂ ಮಾತಾಡಿಲ್ಲ. ಬನ್ನಿ ಲೆಕ್ಕ ಹಾಕೋಣ. ಸುಲಭ ಆಗಲಿ ಅಂತ ಸೀಡ್ ಹೂಡಿಕೆದಾರರ ಪ್ರಿಫರೆನ್ಸ್ ಬಿಟ್ಟಿದ್ದೇನೆ, ಅವರನ್ನೂ ನಿಮ್ಮ ಜೊತೆಗೇ ಸೇರಿಸಿ "ಉಳಿದವರು" ಅನ್ನೋಣ.

ಆಫರ್ 25: 5 ಮಿಲಿಯನ್‌ಗೆ ಶೇ 20. ಕಂಪನಿ ಮಾರಿದಾಗ ಅವರು ಮೊದಲು ಎರಡು ಪಟ್ಟು, ಅಂದರೆ 10 ಮಿಲಿಯನ್ ಎತ್ತಿಕೊಳ್ಳುತ್ತಾರೆ. ಪಾರ್ಟಿಸಿಪೇಟಿಂಗ್ ಅಂದರೆ ಅಷ್ಟಕ್ಕೇ ಎದ್ದು ಹೋಗುವುದಿಲ್ಲ, ಉಳಿದದ್ದರಲ್ಲೂ ಶೇ 20 ಕೇಳುತ್ತಾರೆ.

ಆಫರ್ 15: 5 ಮಿಲಿಯನ್‌ಗೆ ಮೂರನೇ ಒಂದು ಪಾಲು. ಆದರೆ 1 ಎಕ್ಸ್, ಪಾರ್ಟಿಸಿಪೇಶನ್ ಇಲ್ಲ. ಮಾರಿದಾಗ ತಮ್ಮ 5 ವಾಪಸ್ ತಗೊಳ್ಳಬೇಕು, ಇಲ್ಲಾ ಮೂರನೇ ಒಂದು ಪಾಲು ತಗೊಳ್ಳಬೇಕು, ಎರಡರಲ್ಲಿ ಒಂದು.

ಈಗ ಕಂಪನಿ 20 ಮಿಲಿಯನ್‌ಗೆ ಮಾರಾಟ ಆಯಿತು ಅನ್ನಿ. ಮೊದಲ ಆಫರ್‌ನಲ್ಲಿ ಅವರಿಗೆ 10, ಉಳಿದ 10ರಲ್ಲಿ ಮತ್ತೆ 2, ಒಟ್ಟು 12. ನಿಮಗೆಲ್ಲ ಸೇರಿ 8. ಎರಡನೇ ಆಫರ್‌ನಲ್ಲಿ ಅವರಿಗೆ 6.7, ನಿಮಗೆ 13.3. ಮಾನ ಉಳಿಸಿಕೊಂಡ ಆಫರ್‌ನಲ್ಲಿ 5 ಮಿಲಿಯನ್‌ಗೂ ಜಾಸ್ತಿ ಹೋಯಿತು.

40ಕ್ಕೆ ಮಾರಿದರೆ? ಮೊದಲನೆಯದರಲ್ಲಿ ನಿಮಗೆ 24, ಎರಡನೆಯದರಲ್ಲಿ 26.7. ಎರಡೂ ಸಮ ಆಗುವುದು 60 ಮಿಲಿಯನ್‌ಗೆ, ಎರಡರಲ್ಲೂ ನಿಮಗೆ 40. ಅದರ ಮೇಲೆ ಹೋದರೆ ಮಾತ್ರ 25ರ ಆಫರ್ ಲಾಭ. ಅಂದರೆ 15ರ ಆಫರ್‌ನ ಬೆಲೆಯ ನಾಲ್ಕು ಪಟ್ಟಿಗೆ ಮಾರುತ್ತೇವೆ ಅನ್ನುವ ಗಟ್ಟಿ ನಂಬಿಕೆ ಇದ್ದರೆ ನಿಮ್ಮ ಪಾರ್ಟ್‌ನರ್ ಹೇಳಿದ್ದು ಸರಿ. ಇಲ್ಲದಿದ್ದರೆ ಅವರು ಕಾಪಾಡುತ್ತಿರುವುದು ಒಂದು ಅಂಕಿಯನ್ನು, ದುಡ್ಡನ್ನಲ್ಲ.

ಇನ್ನೂ ಒಂದು ತೊಂದರೆ ಇದೆ. ಈ ರೌಂಡ್‌ನಲ್ಲಿ 2 ಎಕ್ಸ್ ಕೊಟ್ಟರೆ ಮುಂದಿನ ರೌಂಡ್‌ನವರು ಅದನ್ನು ನೋಡಿಯೇ ಮಾತು ಶುರು ಮಾಡುತ್ತಾರೆ, ಅವರಿಗೆ ಕೊಟ್ಟದ್ದು ನಮಗೂ ಕೊಡಿ ಅಂತ. ಒಂದರ ಮೇಲೊಂದು ಪೇರಿಸಿದರೆ ಕೊನೆಗೆ ನೌಕರರ ಷೇರಿಗೆ ಬೆಲೆಯೇ ಇರುವುದಿಲ್ಲ.

ಡೌನ್ ರೌಂಡ್‌ಗೆ (ಹಿಂದಿನದಕ್ಕಿಂತ ಕಡಿಮೆ ಬೆಲೆಯ ರೌಂಡ್) ಮಾನ ಹೋಗುತ್ತದೆ ಅನ್ನುವುದಾದರೆ, 2007ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಫೇಸ್‌ಬುಕ್‌ಗೆ ದುಡ್ಡು ಹಾಕಿದ್ದು 15 ಬಿಲಿಯನ್ ಬೆಲೆಗೆ. 2009ರ ಮೇನಲ್ಲಿ ರಷ್ಯಾದ ಹೂಡಿಕೆ ಕಂಪನಿ ಡಿಎಸ್‌ಟಿ ಹಾಕಿದ್ದು 10 ಬಿಲಿಯನ್‌ಗೆ. ಅದು ಈಗ ಯಾರಿಗೆ ನೆನಪಿದೆ? ಸ್ವೀಡನ್‌ನ ಪಾವತಿ ಕಂಪನಿ ಕ್ಲಾರ್ನಾ 2021ರಲ್ಲಿ 45.6 ಬಿಲಿಯನ್ ಇದ್ದದ್ದು ಮರು ವರ್ಷ 6.7ಕ್ಕೆ ಬಿತ್ತು, ಎಲ್ಲರೂ ನಕ್ಕರು, 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 15 ಬಿಲಿಯನ್‌ಗೆ ಐಪಿಒ ಮಾಡಿತು. ಅಮೆರಿಕದ ಪಾವತಿ ಕಂಪನಿ ಸ್ಕ್ವೇರ್ ಕಥೆ ಬೇರೆ. ಅದರ ಕೊನೆಯ ಹೂಡಿಕೆದಾರರು ಷೇರಿಗೆ 15.46 ಡಾಲರ್ ಕೊಟ್ಟು, ಐಪಿಒದಲ್ಲಿ ಇಂತಿಷ್ಟು ಲಾಭ ಗ್ಯಾರಂಟಿ ಅಂತ ರ್‍ಯಾಚೆಟ್ ಬರೆಸಿಕೊಂಡಿದ್ದರು. 2015ರ ನವೆಂಬರ್‌ನಲ್ಲಿ ಐಪಿಒ ಆದದ್ದು 9 ಡಾಲರ್‌ಗೆ. ಆ ಕೊರತೆ ತುಂಬಲು ಅವರಿಗೆ ಹೆಚ್ಚುವರಿ ಷೇರು ಕೊಡಬೇಕಾಯಿತು, ಅದು ಹೋದದ್ದು ಉಳಿದವರ ಪಾಲಿನಿಂದ. ದೊಡ್ಡ ಅಂಕಿಯ ಹಿಂದೆ ಏನು ಬರೆದಿದೆ ಅಂತ ನೋಡದಿದ್ದರೆ ಹೀಗೇ.

15ಕ್ಕೆ ಹೋಗುವುದಾದರೆ ಎರಡು ಕೆಲಸ ಮರೆಯಬೇಡಿ. ಸೀಡ್ ಕಾಗದದಲ್ಲಿ ಆ್ಯಂಟಿ ಡೈಲ್ಯೂಶನ್ (ಬೆಲೆ ಇಳಿದರೆ ಹಳೇ ಹೂಡಿಕೆದಾರರ ಪಾಲು ಕಾಪಾಡುವ ಷರತ್ತು) ಏನಿದೆ ನೋಡಿ, ಫುಲ್ ರ್‍ಯಾಚೆಟ್ (ಅವರ ಹಳೇ ಬೆಲೆಯನ್ನು ಪೂರ್ತಿ ಹೊಸ ಬೆಲೆಗೆ ಇಳಿಸುವ ಷರತ್ತು) ಇದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು, ಮೊದಲು ಅವರ ಜೊತೆ ಮಾತಾಡಬೇಕು. ಮತ್ತೆ ನೌಕರರ ಹಳೇ ಆಪ್ಶನ್‌ಗಳ (ನಿಗದಿ ಬೆಲೆಗೆ ಷೇರು ಕೊಳ್ಳುವ ಹಕ್ಕು) ಬೆಲೆ ಹೊಸ ಬೆಲೆಗಿಂತ ಮೇಲೆ ಇದ್ದರೆ ಅವು ಬರೀ ಕಾಗದ, ಅವನ್ನು ಇಳಿಸಿ ಕೊಡುವ ಮಾತನ್ನು ಈ ರೌಂಡ್‌ನಲ್ಲೇ ಸೇರಿಸಿ.

ಸಾಲಗಾರ_404

ಈಕ್ವಿಟಿ ಗೊಡವೆಯೇ ಬೇಡ, ವೆಂಚರ್ ಡೆಟ್ (ಸ್ಟಾರ್ಟಪ್‌ಗಳಿಗೆ ಕೊಡುವ ಸಾಲ) ತಗೊಂಡರೆ ಆಗಲ್ವಾ? ಪಾಲು ಹೆಚ್ಚು ಬಿಟ್ಟುಕೊಡಬೇಕಾಗಿಲ್ಲ.

ಎಕ್ಸೆಲ್_ಕೂಲಿ

@ಸಾಲಗಾರ_404 ಸಾಲ ಕೊಡುವವರು ನೋಡುವುದು ನಿಮ್ಮ ಹಿಂದೆ ನಿಂತಿರುವ ವಿಸಿಯನ್ನು, ಮುಂದಿನ ರೌಂಡ್ ಆಗುತ್ತದೆ, ಅದರಿಂದ ಕಂತು ಕಟ್ಟುತ್ತಾರೆ ಅಂತ. ರೌಂಡ್ ಆಗದ ಕಾಲಕ್ಕೆ ಅವರೂ ಬಾಗಿಲು ಹಾಕುತ್ತಾರೆ. ಬಡ್ಡಿಯೂ ಏರಿರುತ್ತದೆ. ಕೆಲವು ಸಾಲದ ಕಾಗದದಲ್ಲಿ ಇಷ್ಟು ನಗದು ಯಾವಾಗಲೂ ಖಾತೆಯಲ್ಲಿ ಇರಬೇಕು ಅಂತ ಷರತ್ತಿರುತ್ತದೆ, ಅಂದರೆ ಕಷ್ಟಕ್ಕೆ ಅಂತ ತಂದ ದುಡ್ಡನ್ನು ಕಷ್ಟ ಬಂದಾಗ ಮುಟ್ಟುವ ಹಾಗಿಲ್ಲ. ರೌಂಡ್ ಆದ ತಕ್ಷಣ, ಬೇಡದಿದ್ದಾಗ ತಗೊಳ್ಳಬೇಕಾದ ಸಾಲ ಅದು. ಈಗ ಹುಡುಕುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಈ ಮಾರುಕಟ್ಟೆಗೆ ಸಾಲ ಕೊಡುವ ದೊಡ್ಡ ಬ್ಯಾಂಕೇ ಬಿದ್ದದ್ದು ನೆನಪಿದೆಯಲ್ಲ. ಸಿಲಿಕಾನ್ ವ್ಯಾಲಿ ಬ್ಯಾಂಕ್, 2023ರ ಮಾರ್ಚ್. ಸ್ಟಾರ್ಟಪ್‌ಗಳಿಗೆ ಹೊಸ ದುಡ್ಡು ಬರುವುದು ನಿಂತಿತ್ತು, ಇದ್ದದ್ದನ್ನು ಸಂಬಳಕ್ಕೆ ತೆಗೆಯುತ್ತಿದ್ದರು, ಠೇವಣಿ ಕರಗುತ್ತಿತ್ತು. ಬ್ಯಾಂಕ್ ಕೊಂಡಿದ್ದ ಬಾಂಡ್‌ಗಳ ಬೆಲೆ ಅದೇ ಬಡ್ಡಿ ಏರಿಕೆಯಿಂದ ಬಿದ್ದಿತ್ತು. 9ನೇ ತಾರೀಕು ಒಂದೇ ದಿನ 42 ಬಿಲಿಯನ್ ಡಾಲರ್ ತೆಗೆಯಲು ಜನ ನುಗ್ಗಿದರು, ಮರುದಿನ ಬ್ಯಾಂಕ್ ಮುಚ್ಚಿತು.

ಇನ್ನೊಂದು, @ಹನ್ನೊಂದು_ತಿಂಗಳು, ನಿಮ್ಮ ಸೀಡ್ ಹೂಡಿಕೆದಾರರು ಈ ರೌಂಡ್‌ನಲ್ಲಿ ಏನಾದರೂ ಹಾಕುತ್ತಿದ್ದಾರಾ? ನಾವು ಹೊರಗಿನವರು ಮೊದಲು ನೋಡುವುದೇ ಅದನ್ನು. ಒಳಗಿನ ಲೆಕ್ಕ ಗೊತ್ತಿರುವವರೇ ಕೈ ಹಿಂದೆ ಇಟ್ಟರೆ ನಮಗೆ ಬೇರೆ ಕಾರಣ ಬೇಕಾಗಿಲ್ಲ.

ಹನ್ನೊಂದು_ತಿಂಗಳು

ತುಂಬಾ ಥ್ಯಾಂಕ್ಸ್, ಎಲ್ಲರಿಗೂ. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

60 ಮಿಲಿಯನ್ ಲೆಕ್ಕವನ್ನು ಪಾರ್ಟ್‌ನರ್‌ಗೆ ತೋರಿಸಿದೆ. ಮೊದಲು ತಪ್ಪಿರಬೇಕು ಅಂದ. ಅವನೇ ಶೀಟ್ ಹಾಕಿ ಅರ್ಧ ಗಂಟೆ ಕೂತ, ಅವನಿಗೂ 60 ಬಂತು. ಆಮೇಲೆ ಆ ವಿಷಯ ಎತ್ತಿಲ್ಲ. ಸೀಡ್ ಕಾಗದ ತೆಗೆದು ನೋಡಿದೆವು, ಫುಲ್ ರ್‍ಯಾಚೆಟ್ ಅಲ್ಲ, ವೇಯ್ಟೆಡ್ ಆವರೇಜ್ (ಹಳೇ ಬೆಲೆಯನ್ನು ಸ್ವಲ್ಪ ಮಾತ್ರ ಇಳಿಸುವ ಷರತ್ತು), ಬಚಾವ್. ಸೀಡ್‌ನವರಲ್ಲಿ ಒಬ್ಬರು ತಮ್ಮ ಪಾಲಿನಷ್ಟು ಹಾಕುತ್ತೇನೆ ಅಂದಿದ್ದಾರೆ, ಇನ್ನೊಬ್ಬರು ಫೋನ್ ಎತ್ತುತ್ತಿಲ್ಲ. ಖರ್ಚು ಹಿಡಿದರೆ ಹನ್ನೊಂದನ್ನು ಹದಿನೇಳು ಮಾಡಬಹುದು ಅಂತ ಕಂಡಿದೆ, ಆದರೆ ಅದಕ್ಕೆ ನಾಲ್ಕು ಜನರನ್ನು ತೆಗೆಯಬೇಕು. ಸೋಮವಾರ ಹೇಳುತ್ತೇವೆ, ಒಂದೇ ಸಲ.

ಆ ಅಸೋಸಿಯೇಟ್ ನಿನ್ನೆ ಮತ್ತೆ ಶೀಟ್ ಕೇಳಿ ಮೇಲ್ ಹಾಕಿದ್ದರು. ಈ ಸಲ ಶೀಟ್ ಕಳಿಸಲಿಲ್ಲ, ಕೂಲಿಯವರು ಹೇಳಿದ ಪ್ರಶ್ನೆ ಕಳಿಸಿದೆ. ಸಂಜೆಗೆ ಉತ್ತರ ಬಂತು: "ಹದಿನಾಲ್ಕು ತಿಂಗಳ ಹಿಂದೆ. ನೇರವಾಗಿ ಕೇಳಿದ್ದಕ್ಕೆ ಥ್ಯಾಂಕ್ಸ್." 26 ಜನಕ್ಕೂ ಅದನ್ನೇ ಕಳಿಸಿದ್ದೇನೆ. ಇಲ್ಲಿಯತನಕ ಒಂಬತ್ತು ಉತ್ತರ, ಅದರಲ್ಲಿ ಮೂರು ಮಾತ್ರ ಈ ವರ್ಷದ್ದು.